ಊರ ಹಿಂದಣ ಗುಡ್ಡಕ್ಕೂ ಒಂದು ಪಟ

ನಮ್ಮ ಮನೆಗಳ ಗೋಡೆಯ ಮೇಲೆ ತೂಗುವುದು ಶ್ರೀರಂಗಪಟ್ಟಣದ ಸ್ಟುಡಿಯೋದಲ್ಲಿ ತೆಗೆಸಿದ ಮದುವೆಯ ಪಟಗಳು. ದಿನನಿತ್ಯದ ಚಿತ್ರಗಳೆಲ್ಲ ಮೊಬೈಲಿನಲ್ಲಿವೆ. ಅದು ಕೆಟ್ಟ ದಿನ ಅವೂ ಇಲ್ಲವಾಗುತ್ತವೆ. 2024ರ ಜನವರಿಯಲ್ಲಿ ಹೈಕೋರ್ಟು ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆ ನೀಡಿತು. ಪಾಂಡವಪುರದ ಬೇಬಿ ಬೆಟ್ಟವೂ ಅದರೊಳಗೆ ಬರುತ್ತದೆ. ಕಲ್ಲು ಒಡೆಯುವ ಮೊದಲು ಆ ಬೆಟ್ಟ ಹೇಗಿತ್ತೆಂದು ಕೇಳಿದರೆ ಎಷ್ಟು ಮನೆಯವರು ಒಂದು ಪಟ ತೆಗೆದು ತೋರಿಸಿಯಾರು?

ಅಂಗೈಯಗಲದ ಮುದ್ರಣ ಯಂತ್ರಗಳು ಈಗ ದೊರೆಯುತ್ತವೆ. ಕೆಲವಕ್ಕೆ ಶಾಯಿಯೇ ಬೇಡ; ಹಾಳೆಯ ಪದರಗಳಲ್ಲಿರುವ ಹರಳುಗಳು ಶಾಖಕ್ಕೆ ಕರಗಿ ಬಣ್ಣ ತಳೆಯುತ್ತವೆ. ಆದರೆ ಆ ಹಾಳೆ ಪ್ಲಾಸ್ಟಿಕ್ಕಿನದು, ಅಗ್ಗದ್ದೂ ಅಲ್ಲ. ಮನೆಗೊಂದು ಯಂತ್ರ ಬೇಡ, ಊರ ಶಾಲೆಗೆ ಒಂದು ಸಾಕು.

ನಾಗಮಂಗಲದ ಆದಿಚುಂಚನಗಿರಿಯ ನವಿಲನ್ನು ಪ್ರವಾಸಿಗರು ತೆಗೆದುಕೊಳ್ಳುತ್ತಾರೆ, ಬಿಡಿ. ಕೃಷ್ಣರಾಜಪೇಟೆಯ ಹೇಮಗಿರಿಯ ಬಳಿ ಹೇಮಾವತಿ ತುಂಬಿ ಹರಿದ ದಿನ, ಹಿತ್ತಲ ಹೊಂಗೆ, ಅಜ್ಜಿ ರಾಗಿ ಕೇರುವ ಜಗುಲಿ, ಊರ ಹಿಂದಣ ಗುಡ್ಡ: ಇವನ್ನು ಮುದ್ರಿಸೋಣ. ಹಿಂಬದಿಯಲ್ಲಿ ದಿನಾಂಕವನ್ನೂ ನಿಂತು ತೆಗೆದ ಜಾಗವನ್ನೂ ಬರೆಯಿರಿ. ಮುಂದಿನ ವರ್ಷ ಅಲ್ಲಿಯೇ ನಿಂತು ಮತ್ತೆ ತೆಗೆಯಿರಿ. ಬಿಸಿಲು ಬೀಳದ ಗೋಡೆಗೆ ಅಂಟಿಸಿ. ಅಜ್ಜಿಯ ಪಟವನ್ನು ಮಾತ್ರ ಮೊದಲು ಅಜ್ಜಿಯ ಕೈಗೆ ಕೊಡಿ.