ಮುಗಿಯದ ಪುಸ್ತಕದ ಮಾರಾಟ

ಬರೆದು ಮುಗಿಯದ ಪುಸ್ತಕವನ್ನು ಹಣಕ್ಕೆ ಮಾರುವುದು ನ್ಯಾಯವೇ ಎಂದು ಹತ್ತು ಮಂದಿ ವಿದ್ಯಾವಂತರನ್ನು ಕೇಳಿದರೆ ಒಂಬತ್ತು ಮಂದಿಯಾದರೂ ಅಲ್ಲವೆಂದೇ ಹೇಳುವರು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದಂತಾಯಿತೆಂದು ನಗುವವರೂ ಉಂಟು. ಆದರೆ ಗಣಕಯಂತ್ರದ ವಿದ್ಯೆಯನ್ನು ಬೋಧಿಸುವ ಗ್ರಂಥಗಳ ವ್ಯಾಪಾರದಲ್ಲಿ ಈ ಪದ್ಧತಿಯು ಸುಮಾರು 20 ವರ್ಷಗಳಿಂದ ಬೇರೂರಿ ನಿಂತಿರುವುದು. ಅದನ್ನು ನಗೆಯಿಂದ ತಳ್ಳಿಬಿಡುವುದು ನ್ಯಾಯವಲ್ಲವೆಂದೂ, ಕಣ್ಣು ಮುಚ್ಚಿ ಒಪ್ಪಿಕೊಳ್ಳುವುದು ವಿವೇಕವಲ್ಲವೆಂದೂ ನಮ್ಮ ಅಭಿಮತ. ಬೆಂಗಳೂರಿನಲ್ಲಿ ಈ ವಿದ್ಯೆಯಿಂದಲೇ ಜೀವನ ಸಾಗಿಸುವ ತರುಣರು ಬಹು ಮಂದಿ ಇರುವುದರಿಂದ ಇದು ನಮ್ಮ ವಾಚಕರಿಗೆ ದೂರದ ವಿಷಯವೂ ಅಲ್ಲ.

ಜಾಲತಾಣಗಳನ್ನು ಕಟ್ಟುವವರು ಪ್ರತಿಯೊಂದು ಕೆಲಸವನ್ನೂ ಬುಡದಿಂದ ಆರಂಭಿಸುವುದಿಲ್ಲ. ಬಂದ ಕೋರಿಕೆಯನ್ನು ಸ್ವೀಕರಿಸುವುದು, ಶೇಖರಿಸಿಟ್ಟ ಮಾಹಿತಿಯನ್ನು ತೆಗೆಯುವುದು, ಪುಟವನ್ನು ಸಿದ್ಧಪಡಿಸಿ ಕಳುಹಿಸುವುದು ಮುಂತಾಗಿ ಎಲ್ಲ ತಾಣಗಳಿಗೂ ಸಮಾನವಾದ ಕಾರ್ಯಗಳನ್ನು ಮೊದಲೇ ಅಳವಡಿಸಿಟ್ಟ ಚೌಕಟ್ಟುಗಳುಂಟು. ಡೆನ್ಮಾರ್ಕಿನ ಡೇವಿಡ್ ಹೈನೆಮೈಯರ್ ಹ್ಯಾನ್ಸನ್ನರು 2004ರಲ್ಲಿ ಪ್ರಕಟಪಡಿಸಿದ ರೂಬಿ ಆನ್ ರೇಲ್ಸ್ ಎಂಬುದು ಅಂಥ ಚೌಕಟ್ಟು. ಅದರ ಉಪಯೋಗವನ್ನು ಕಲಿಸಲು ಡೇವ್ ಥಾಮಸ್ಸರು ಹ್ಯಾನ್ಸನ್ನರೊಡನೆ ಬರೆದ ‘ಅಜೈಲ್ ವೆಬ್ ಡೆವಲಪ್‌ಮೆಂಟ್ ವಿತ್ ರೇಲ್ಸ್’ ಎಂಬ ಗ್ರಂಥವನ್ನು ಪ್ರಾಗ್ಮ್ಯಾಟಿಕ್ ಬುಕ್‌ಶೆಲ್ಫ್ ಎಂಬ ಪ್ರಕಾಶಕರು 2005ರಲ್ಲಿ, ಅದು ಅಚ್ಚಾಗುವುದಕ್ಕೆ ಮೊದಲೇ, ‘ಬೀಟಾ’ ಪುಸ್ತಕವೆಂಬ ಹೆಸರಿನಿಂದ ಗಣಕಯಂತ್ರದಲ್ಲಿ ಓದತಕ್ಕ ಪ್ರತಿಯಾಗಿ ಮಾರಿದರು. ಕೊಂಡವರು ಕಂಡ ತಪ್ಪುಗಳನ್ನು ತಿಳಿಸಬಹುದು. ತಿದ್ದಿದ ಪ್ರತಿಗಳು ಅವರಿಗೆ ಮತ್ತೆ ಹಣ ತೆರದೆ ದೊರೆಯುವುವು. ಇದೇ ಆ ವ್ಯವಹಾರದ ಕರಾರು. ಮ್ಯಾನಿಂಗ್, ಓರೈಲಿ ಮುಂತಾದ ಪ್ರಕಾಶಕರೂ ಇಂಥದೇ ದಾರಿಯನ್ನು ಹಿಡಿದಿರುವರು.

ಇಷ್ಟು ಅವಸರವೇಕೆಂದು ಕೇಳಬಹುದು. ವಿಷಯವೇ ನಿಲ್ಲದೆ ಓಡುತ್ತಿರುವುದೇ ಇದರ ಕಾರಣ. ರೇಲ್ಸ್ ಚೌಕಟ್ಟಿನ 1.0 ಆವೃತ್ತಿಯು ಹೊರಬಿದ್ದುದು 2005ರ ಡಿಸೆಂಬರಿನಲ್ಲಿ. ಪುಸ್ತಕವು ಅದಕ್ಕಿಂತ ಮೊದಲೇ ಅಚ್ಚಾಗಿತ್ತು. 2006ರಲ್ಲಿಯೇ ಎರಡನೆಯ ಆವೃತ್ತಿ ಬೇಕಾಯಿತು. ಜ್ಯಾಂಗೋ ಎಂಬ ಇನ್ನೊಂದು ಚೌಕಟ್ಟಿನ ಕಥೆಯೂ ಹೀಗೆಯೇ. ಅಮೆರಿಕದ ಕ್ಯಾನ್ಸಸ್ ಪ್ರಾಂತದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯೊಂದರ ಕಾರ್ಯಾಲಯದಲ್ಲಿ 2003ರಲ್ಲಿ ಹುಟ್ಟಿದ ಇದು 2005ರಲ್ಲಿ ಸರ್ವರಿಗೂ ಮುಕ್ತವಾಯಿತು. ಸಮಯಕ್ಕೆ ಸರಿಯಾಗಿ ಪುಟ ತುಂಬಬೇಕಾದ ಸಂಕಟ ನಮಗೂ ತಿಳಿದದ್ದೇ ಆದುದರಿಂದ ಅದರ ಹುಟ್ಟು ನಮಗೆ ಆಶ್ಚರ್ಯವಲ್ಲ. ಏಡ್ರಿಯನ್ ಹೊಲೊವಾಟಿ, ಜೇಕಬ್ ಕ್ಯಾಪ್ಲನ್-ಮಾಸ್ ಎಂಬಿಬ್ಬರು ಅದರ ಮೇಲೆ ಬರೆಯುತ್ತಿದ್ದ ಗ್ರಂಥದ ಅಧ್ಯಾಯಗಳನ್ನು ಒಂದೊಂದಾಗಿ ಬಿಡುಗಡೆ ಮಾಡಿ, ಯಾರಿಂದಲೂ ಕಾಸು ಕೇಳದೆ, ಓದುಗರ ತಿದ್ದುಪಡಿಗಳನ್ನು ಕರೆದರು. ಏಪ್ರೆಸ್ ಪ್ರಕಾಶಕರು 2007ರ ಡಿಸೆಂಬರಿನಲ್ಲಿ ಅದನ್ನು ಅಚ್ಚು ಹಾಕಿದರು. ಗ್ರಂಥವು ವಿವರಿಸಿದ್ದುದು 0.96 ಆವೃತ್ತಿಯನ್ನು, 2008ರ ಸೆಪ್ಟೆಂಬರಿನಲ್ಲಿ 1.0 ಬಂದಿತು. ಒಂಬತ್ತು ತಿಂಗಳಿಗೇ ಪುಸ್ತಕ ಹಳೆಯದಾಯಿತು!

ಇದರಿಂದ ತಿಳಿಯತಕ್ಕ ಅಂಶವೇನೆಂದರೆ, ಇಂಥ ವಿದ್ಯೆಯಲ್ಲಿ ಪೂರ್ಣಗ್ರಂಥವೆಂಬುದೇ ಬಹುಮಟ್ಟಿಗೆ ಭ್ರಮೆ. ಪೂರ್ಣವಾಗುವವರೆಗೆ ಕಾದರೆ ಕಲಿಯುವವನಿಗೆ ದೊರೆಯುವುದು ಹಳಸಿದ ಅನ್ನ. ಸರ್ಕಾರವೂ ಕರಡು ನಿಯಮಗಳನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆಯುವುದುಂಟಷ್ಟೆ. ಲೇಖಕನು ಒಬ್ಬನೇ ಕುಳಿತು ಕಾಣಲಾರದ ತಪ್ಪನ್ನು ನೂರು ಮಂದಿ ಓದುಗರು ಕಾಣಬಲ್ಲರು.

ಆದರೆ ಸಾದೃಶ್ಯವು ಇಲ್ಲಿಗೇ ನಿಲ್ಲುವುದು. ಕರಡು ನಿಯಮವನ್ನು ಯಾರೂ ಬೆಲೆ ಕೊಟ್ಟು ಅದರಂತೆ ನಡೆಯಬೇಕಾಗಿಲ್ಲ. ಕರಡು ಪುಸ್ತಕವನ್ನು ಕೊಂಡವನಾದರೋ ಅಂದೇ ಅದರಂತೆ ಕೆಲಸ ಮಾಡತೊಡಗುವನು. ಅವನು ಹೊಸಬನಾದರೆ, ಯಂತ್ರವು ತಪ್ಪೆಂದು ಹೇಳಿದಾಗ ಆ ತಪ್ಪು ತನ್ನದೋ ಪುಸ್ತಕದ್ದೋ ಎಂದು ತಿಳಿಯದೆ ಇರುಳೆಲ್ಲ ತೊಳಲುವನು. ಇದಲ್ಲದೆ, ಕರಡಚ್ಚು ತಿದ್ದುವವನಿಗೆ ಸಲ್ಲಬೇಕಾದ ಸಂಬಳ ಉಳಿದು, ತಿದ್ದುವವನೇ ಹಣ ತೆರುವ ವಿಚಿತ್ರವೂ ಇದರಲ್ಲಿ ಉಂಟು. ಎಲ್ಲಕ್ಕೂ ಹೆಚ್ಚಿನ ಅಪಾಯವೆಂದರೆ, ಹಣವು ಮೊದಲೇ ಕೈಸೇರಿದ ಮೇಲೆ ಗ್ರಂಥವನ್ನು ಮುಗಿಸುವ ಉತ್ಸಾಹವು ಕುಗ್ಗಿಹೋಗುವುದು.

ಆದುದರಿಂದ ಈ ಪದ್ಧತಿಯು ಗೌರವಕ್ಕೆ ಪಾತ್ರವಾಗಬೇಕಾದರೆ ಪ್ರಕಾಶಕರು ನಾಲ್ಕು ಕಟ್ಟುಪಾಡುಗಳಿಗೆ ಒಳಪಡಬೇಕು. ಬರೆದಿರುವ ಅಧ್ಯಾಯಗಳಾವುವು, ಉಳಿದಿರುವುವಾವುವು, ಯಾವ ಆವೃತ್ತಿಯನ್ನು ಕುರಿತದ್ದು ಎಂಬುದನ್ನು ಮುಖಪುಟದಲ್ಲಿಯೇ ಸ್ಪಷ್ಟಪಡಿಸಬೇಕು. ಮುಗಿದ ಪ್ರತಿಯನ್ನು ಮೊದಲು ಕೊಂಡವರಿಗೆ ಮತ್ತೆ ಹಣ ಕೇಳದೆ ಕೊಡಬೇಕು. ತಿಳಿಸಿದ ತಪ್ಪುಗಳನ್ನೂ ಅವುಗಳ ಪರಿಹಾರವನ್ನೂ ಎಲ್ಲರೂ ಕಾಣುವಂತೆ ಪ್ರಕಟಿಸಿ, ತಿದ್ದಿದವರ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಗ್ರಂಥವು ಯಾವ ಕಾರಣದಿಂದಲಾದರೂ ನಿಂತುಹೋದರೆ ಹಣವನ್ನು ಹಿಂದಿರುಗಿಸಬೇಕು. ಮೊದಲಿನ ಮೂರನ್ನು ಪಾಲಿಸುವ ಪ್ರಕಾಶಕರು ಈಗಲೂ ಉಂಟು. ನಾಲ್ಕನೆಯದನ್ನು ಮಾತ್ರ ಕೊಳ್ಳುವವರೇ ಮುಂದಾಗಿ ಕೇಳಬೇಕು.

ಹಣ ಪಡೆಯದೆ ಅಧ್ಯಾಯಗಳನ್ನು ಹಂಚಿದ ಜ್ಯಾಂಗೋ ಗ್ರಂಥಕರ್ತರಿಗೆ ಓದುಗರು ತಿದ್ದುಪಡಿಯಿಂದ ನೆರವಾದದ್ದು ಸಹಕಾರವಾಯಿತು. ಹಣ ಪಡೆದು ಹಂಚುವವರಿಗೆ ಅದೇ ನೆರವು ಸಾಲವಾಗುವುದು. ಆ ಸಾಲವನ್ನು ತೀರಿಸುವ ಉಪಾಯವೊಂದೇ: ಕೈಹಿಡಿದ ಪುಸ್ತಕವನ್ನು ಮುಗಿಸಿ ಕೊಡುವುದು. ನಮ್ಮ ತರುಣರು ಇಂಥ ಪುಸ್ತಕಗಳನ್ನು ಧಾರಾಳವಾಗಿ ಕೊಳ್ಳಲಿ. ಆದರೆ ಹಣ ಕೊಡುವ ಮುನ್ನ, ಈ ಪ್ರಕಾಶಕನು ಹಿಂದೆ ಆರಂಭಿಸಿದ ಗ್ರಂಥಗಳಲ್ಲಿ ಎಷ್ಟನ್ನು ಮುಗಿಸಿರುವನೆಂದು ವಿಚಾರಿಸಿಕೊಂಡು ಕೊಳ್ಳಲಿ.