ಬೆಟ್ಟ ಕಾಣುತ್ತದೆ, ಬೆಟ್ಟದ ಕೆಳಗಿನವರು?

ವೈವಿಧ್ಯ ನೋಡಬೇಕಾದರೆ ದೂರ ಹೋಗಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಲಕ್ಷಗಟ್ಟಲೆ ಹಣ ಸುರಿದು ಪೆರು ದೇಶಕ್ಕೆ ಹೋಗಿಬಂದವರು ಅಲ್ಲಿನ ಮರುಭೂಮಿ, ಆಂಡಿಸ್ ಪರ್ವತ, ಅಮೆಜಾನ್ ಕಾಡು, ಸ್ಪ್ಯಾನಿಷ್ ಜೊತೆಗೆ ಬದುಕಿರುವ ಕೆಚುವಾ, ಐಮಾರಾ ನುಡಿಗಳನ್ನು ಹಾಡಿ ಹೊಗಳುತ್ತಾರೆ. ಹೊಗಳಲಿ, ನಮ್ಮ ತಕರಾರು ಅದಲ್ಲ. ಇದೇ ಜನ ಭಾನುವಾರ ನಸುಕಿಗೆ ನಂದಿಬೆಟ್ಟ ಹತ್ತಿ, ಮಂಜಿನೊಂದಿಗೆ ಫೋಟೋ ತೆಗೆಸಿಕೊಂಡು, ಬಾಟಲಿ ಎಸೆದು, ಹತ್ತು ಗಂಟೆಗೆ ಬೆಂಗಳೂರು ಸೇರಿಬಿಡುತ್ತಾರಲ್ಲ, ಅವರು ನೋಡಿದ್ದಾದರೂ ಏನನ್ನು?

ಬೆಟ್ಟದ ಮೇಲೆ ಅವರಿಗೆ ಟಿಪ್ಪು ಡ್ರಾಪ್ ತೋರಿಸಲಾಗುತ್ತದೆ. ಕೈದಿಗಳನ್ನು ಇಲ್ಲಿಂದ ತಳ್ಳುತ್ತಿದ್ದರಂತೆ ಎಂಬ 'ಅಂತೆ'ಯೊಂದಿಗೆ ಟಿಪ್ಪುವಿನ ಅಧ್ಯಾಯ ಮುಗಿಯುತ್ತದೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯನ್ನು ಹಿಡಿಯಲು ರಕ್ತ ಹರಿಸಬೇಕಾಯಿತು ಎಂದು ಹೇಳುವವರಿಲ್ಲ. ಬೆಟ್ಟದ ಬುಡದಲ್ಲೇ ಸಾವಿರ ವರ್ಷ ದಾಟಿದ ಭೋಗನಂದೀಶ್ವರ ದೇವಾಲಯವಿದೆ. ಬಾಣರು, ಚೋಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಕಟ್ಟಿ ಬೆಳೆಸಿದ ಆ ಕಲ್ಲುಗಳ ಮುಂದೆ ನಿಲ್ಲಲು ಎಷ್ಟು ಜನರಿಗೆ ಪುರುಸೊತ್ತಿದೆ? 2023ರ ಜನವರಿಯಲ್ಲಿ ಆವಲಗುರ್ಕಿಯಲ್ಲಿ 112 ಅಡಿಯ ಆದಿಯೋಗಿ ಪ್ರತಿಮೆ ಎದ್ದ ಮೇಲಂತೂ ಜಿಲ್ಲೆಯ ಪ್ರವಾಸದ ನಕ್ಷೆಯಲ್ಲಿ ಉಳಿದಿರುವುದು ಒಂದು ಬೆಟ್ಟ, ಒಂದು ಪ್ರತಿಮೆ, ನಡುವೆ ಕಾಫಿ ಅಂಗಡಿಗಳ ಸಾಲು.

2007ರಲ್ಲಿ ಕೋಲಾರದಿಂದ ಬೇರೆಯಾದ ಈ ಸಣ್ಣ ಜಿಲ್ಲೆಯ ಸಂಪತ್ತು ಇಷ್ಟೇ ಏನು? ಚಿಂತಾಮಣಿಯ ಕಡೆ ಹೋದರೆ ಕೈವಾರದಲ್ಲಿ ತಾತಯ್ಯನವರ ತೆಲುಗು, ಕನ್ನಡ ತತ್ವಪದಗಳು ಇಂದಿಗೂ ಜನರ ಬಾಯಲ್ಲಿವೆ. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ ಹರಕೆ ಹೊತ್ತು ಬರುವವರ ಜಾತಿ-ಧರ್ಮವನ್ನು ಯಾರೂ ಕೇಳುವುದಿಲ್ಲ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ನಿಷೇಧ ಮೀರಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ಆ ಸಾವುಗಳು ಎಬ್ಬಿಸಿದ ಕೋಲಾಹಲದಿಂದಲೇ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಯಿತು. ಪಾಠಪುಸ್ತಕದ ಜಲಿಯನ್‌ವಾಲಾಬಾಗ್ ಗೊತ್ತಿರುವ ಮಕ್ಕಳಿಗೆ ಒಂದೂವರೆ ಗಂಟೆಯ ದಾರಿಯ ಈ ಜಾಗ ಗೊತ್ತಿಲ್ಲ.

ಇನ್ನು ನಮ್ಮ ಶಿಡ್ಲಘಟ್ಟ. ರಾಮನಗರದ ಜೊತೆಗೆ ರಾಜ್ಯದ ರೇಷ್ಮೆಯ ಹೆಸರು ಹೇಳುವ ಊರಿದು. ಹಿಪ್ಪುನೇರಳೆ ಬೆಳೆದು ಗೂಡು ತರುವವರಲ್ಲಿ ಹೆಚ್ಚಿನವರು ಹಿಂದೂ ರೈತರು, ಅದನ್ನು ಕೊಂಡು ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಗೂಡಿನ ಮಾರುಕಟ್ಟೆಯಲ್ಲಿ ತೆಲುಗು, ಕನ್ನಡ, ದಖನಿ ಮೂರೂ ಒಂದೇ ಉಸಿರಿನಲ್ಲಿ ಓಡಾಡುತ್ತವೆ. ಸೌಹಾರ್ದದ ಭಾಷಣ ಕೇಳಿ ಕಲಿತದ್ದಲ್ಲ ಇದು, ಒಬ್ಬರಿಲ್ಲದೆ ಇನ್ನೊಬ್ಬರ ಒಲೆ ಉರಿಯದು ಎಂಬ ಅರಿವು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ರೈತನೂ ರೀಲರನೂ ಒಟ್ಟಿಗೇ ಮುಗ್ಗರಿಸಿದ್ದರು. ಮದುವೆಗೆ ರೇಷ್ಮೆ ಸೀರೆ ಉಡುವ ಬೆಂಗಳೂರು, ಕುದಿನೀರಿನಲ್ಲಿ ಬೆಂದ ಗೂಡಿನ ಎಳೆ ಹುಡುಕಿ ಬೊಬ್ಬೆಯೆದ್ದ ಹೆಣ್ಣುಮಕ್ಕಳ ಬೆರಳುಗಳನ್ನು ಒಮ್ಮೆಯಾದರೂ ನೋಡಿದೆಯೇ? ಪೆರುವಿನ ಚಿಂಚೆರೋ ಎಂಬ ಊರಿನಲ್ಲಿ ಹೆಂಗಸರು ಉಣ್ಣೆ ನೂತು, ಬಣ್ಣ ಹಾಕಿ, ನೇಯುವುದನ್ನು ಪ್ರವಾಸಿಗಳು ಕಣ್ಣರಳಿಸಿ ನೋಡುತ್ತಾರೆ. ಅದೇ ಪ್ರವಾಸಿಗೆ ಶಿಡ್ಲಘಟ್ಟ ಎಂದರೆ ಮೂಗು ಮುಚ್ಚಿಕೊಂಡು ದಾಟಬೇಕಾದ ವಾಸನೆ.

ಪ್ರವಾಸೋದ್ಯಮದಿಂದ ಉದ್ಯೋಗ ಬರುತ್ತದಲ್ಲ ಎನ್ನುವವರಿದ್ದಾರೆ. ಯಾರಿಗೆ, ಎಂತಹ ಉದ್ಯೋಗ ಎಂದು ನಾವು ಕೇಳುತ್ತೇವೆ. ಜಮೀನು ಮಾರಿದ ರೈತನ ಮಗ ಅದೇ ಜಮೀನಿನ ರೆಸಾರ್ಟಿನ ಗೇಟಿನಲ್ಲಿ ಸಲಾಮು ಹೊಡೆಯುವುದನ್ನು ಅಭಿವೃದ್ಧಿ ಎನ್ನಲಾಗದು. ಅರ್ಕಾವತಿ, ಪಾಲಾರ್, ಪಿನಾಕಿನಿಗಳಿಗೆ ಜನ್ಮ ಕೊಟ್ಟ ಸೀಮೆಯಿದು. ಇಲ್ಲಿ ಸಾವಿರ ಅಡಿ ಕೊರೆದರೂ ನೀರಿಲ್ಲ, ಬಂದರೆ ಫ್ಲೋರೈಡ್. ಬೆಂಗಳೂರಿನ ಕೊಳಚೆ ಸಂಸ್ಕರಿಸಿದ ನೀರಿಗೆ ನಮ್ಮ ಕೆರೆಗಳು ಬಾಯಿ ತೆರೆದು ಕೂತಿವೆ. ಅದೇ ನೆಲದಲ್ಲಿ ವಾರಾಂತ್ಯದ ಅತಿಥಿಗಳಿಗೆ ಈಜುಕೊಳ!

ಪೆರುವನ್ನು ನೋಡಿ ಬಂದವರು ಇದನ್ನೂ ಹೇಳಬೇಕಿತ್ತು: ಮಾಚು ಪಿಚುವಿಗೆ ಹೋಗುವ ಇಂಕಾ ಕಾಲುದಾರಿಯಲ್ಲಿ, ಹೊರೆಯಾಳುಗಳೂ ಸೇರಿ, ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಹೊರೆಯಾಳಿನ ಬೆನ್ನಿಗೆ 20 ಕಿಲೋಗಿಂತ ಹೆಚ್ಚು ಹೇರಬಾರದೆಂದು 2001ರಲ್ಲೇ ಕಾನೂನು ಬಂತು. ಅದರ ಪಾಲನೆಗೆ ಹೊರೆಯಾಳುಗಳು ಜಗಳಾಡುತ್ತಲೇ ಬಂದಿದ್ದಾರೆ ನಿಜ. ಆದರೆ ಜಗಳಾಡಲು ಒಂದು ಕಾನೂನಾದರೂ ಇದೆ.

ನಮ್ಮೂರನ್ನು ಸುಂದರ ಚಿತ್ರಪಟ ಮಾಡಿ ಎಂದು ನಾವು ಬೇಡುತ್ತಿಲ್ಲ. ಇದೇ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ದಲಿತರನ್ನು ಜೀವಂತ ಸುಡಲಾಯಿತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ವೈವಿಧ್ಯದ ಹೊಗಳಿಕೆಯಲ್ಲಿ ಈ ಬೂದಿಯನ್ನು ಮುಚ್ಚಿಡುವವರು ಸೌಹಾರ್ದದ ಮಾತಾಡುವ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ನಮ್ಮ ಬೇಡಿಕೆ ಸರಳ. ನಂದಿಬೆಟ್ಟಕ್ಕೆ ವಾಹನಗಳ ಮಿತಿ ಬಿಗಿಯಾಗಿರಲಿ. ಅಲ್ಲಿ ಸೇರುವ ಹಣದಲ್ಲಿ ಬುಡದ ಪಂಚಾಯಿತಿಗಳಿಗೂ ಪಾಲಿರಲಿ. ವಿದುರಾಶ್ವತ್ಥ, ಕೈವಾರ, ಮುರುಗಮಲ್ಲ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಒಂದೇ ದಾರಿಯಲ್ಲಿ ಸಿಗುವಂತೆ ಸರ್ಕಾರಿ ಬಸ್ಸು ಓಡಲಿ. ಆ ದಾರಿಯ ಕಥೆಯನ್ನು ಇಲ್ಲಿಯ ಹುಡುಗ ಹುಡುಗಿಯರೇ ಹೇಳಲಿ, ಕಂಬಾಲಪಲ್ಲಿಯನ್ನು ಬಿಡದೆ ಹೇಳಲಿ. ಬೆಟ್ಟ ಹತ್ತಿದವರು ಇಳಿದು ಬರಲಿ, ನಮ್ಮೊಂದಿಗೆ ಒಂದು ಲೋಟ ಚಹಾ ಕುಡಿಯಲಿ. ಆಮೇಲೆ ಪೆರುವಿಗೆ ಹೋಗುವುದಾದರೆ ಹೋಗಿ ಬರಲಿ.