ಗಾಲ್ಫ್ ಮೈದಾನದ ಹುಲ್ಲು: ಯಂತ್ರ ಕೊಳ್ಳುವ ಮೊದಲು ಅಡಿಪಟ್ಟಿ ಹಿಡಿಯಿರಿ

ಗಾಲ್ಫ್ ಮೈದಾನಕ್ಕೂ ನಮ್ಮ ಹಳ್ಳಿಗಳಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಕೊಡಗಿನಲ್ಲಿ ಗಾಲ್ಫ್ ಮೈದಾನಗಳಿವೆ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗಿದ್ದೇ 1876ರಲ್ಲಿ. ಇಂಥ ಮೈದಾನಗಳಲ್ಲಿ ಚೆಂಡು ಹೊಡೆಯುವವರು ಬೇರೆ, ಹುಲ್ಲು ನೋಡಿಕೊಳ್ಳುವವರು ಬೇರೆ. ಹುಲ್ಲಿನ ಕೆಲಸಕ್ಕೆ ಹೋಗುವವರಲ್ಲಿ ಹಳ್ಳಿಯವರಿದ್ದಾರೆ. ಟ್ರ್ಯಾಕ್ಟರ್ ಇದ್ದವರಿಗೆ ಇದೊಂದು ಗುತ್ತಿಗೆ ಕೆಲಸವೂ ಆಗಬಹುದು. ಆದ್ದರಿಂದ ಯಾವ ಯಂತ್ರ ಬೇಕು ಎಂಬ ಪ್ರಶ್ನೆಯನ್ನು ಕ್ಲಬ್ಬಿನ ಆಫೀಸಿಗಷ್ಟೇ ಬಿಡಬಾರದು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಸಮಸ್ಯೆ ಏನು ನೋಡೋಣ. ಗಾಲ್ಫ್‌ನಲ್ಲಿ ಹೊಡೆತ ಶುರುವಾಗುವ ಜಾಗದಿಂದ ಕುಳಿಯ ಕಡೆಗೆ ಹೋಗುವ ಉದ್ದನೆಯ ಹುಲ್ಲುಹಾಸಿಗೆ ಫೇರ್‌ವೇ ಅನ್ನುತ್ತಾರೆ. ಬೆಚ್ಚನೆಯ ಹವೆಯಲ್ಲಿ ಅಲ್ಲಿ ಹೆಚ್ಚಾಗಿ ಬೆಳೆಸುವುದು ಬರ್ಮುಡಾ ಹುಲ್ಲು. ಹೆಸರು ದೊಡ್ಡದು, ಗಿಡ ನಮ್ಮ ಗರಿಕೆಯೇ. ಗಣಪತಿಗೆ ಏರಿಸುವ, ಹೊಲದಲ್ಲಿ ಕಿತ್ತಷ್ಟೂ ಬರುವ ಅದೇ ಗರಿಕೆಯ ಆಯ್ದ ತಳಿಗಳು. ಅದು ನೆಲದ ಮೇಲೂ ಒಳಗೂ ಬಳ್ಳಿ ಓಡಿಸುತ್ತದೆ. ಈ ಬಳ್ಳಿ, ಬೇರು, ಕಾಂಡ ಬೇಗ ಕೊಳೆಯುವುದಿಲ್ಲ. ಹಸಿರಿಗೂ ಮಣ್ಣಿಗೂ ನಡುವೆ ಕಂದು ಮೆತ್ತೆಯಾಗಿ ಕೂರುತ್ತದೆ. ಇದಕ್ಕೆ ಥ್ಯಾಚ್ ಅಂತ ಹೆಸರು. ಗುಡಿಸಲಿಗೆ ಹೊದಿಸುವ ಹುಲ್ಲಿಗೂ ಇಂಗ್ಲಿಷಿನಲ್ಲಿ ಇದೇ ಹೆಸರು. ಗುಡಿಸಲ ಮಾಡಿನಂತೆ ಇದೂ ದಪ್ಪವಾದರೆ ನೀರನ್ನು ಕೆಳಗೆ ಬಿಡುವುದಿಲ್ಲ. ಬೇರು ಮಣ್ಣಿಗಿಳಿಯದೆ ಮೆತ್ತೆಯಲ್ಲೇ ಉಳಿಯುತ್ತದೆ, ರೋಗ ಮತ್ತು ಹುಳು ಹೆಚ್ಚುತ್ತವೆ.

ಇಲ್ಲೇ ಮೊದಲ ತಪ್ಪು ಆಗುವುದು. ಹುಲ್ಲು ಕೆಟ್ಟಿತು ಅಂದ ಕೂಡಲೇ ದೊಡ್ಡ ಯಂತ್ರದ ಬೆಲೆ ಕೇಳುತ್ತಾರೆ. ಬೇಕಾಗಿರುವುದು ಒಂದು ಚಾಕು, ಒಂದು ಅಡಿಪಟ್ಟಿ. ನಾಲ್ಕಾರು ಕಡೆ ಹುಲ್ಲಿನ ತುಂಡು ಕತ್ತರಿಸಿ ಮೇಲೆತ್ತಿ, ಕಂದು ಪದರವನ್ನು ಅಳೆಯಿರಿ. ಸುಮಾರು 12 ಮಿಲಿಮೀಟರ್, ಅಂದರೆ ಅರ್ಧ ಇಂಚಿನೊಳಗೆ ಇದ್ದರೆ ಭಯವಿಲ್ಲ. ತೆಳುವಾದ ಮೆತ್ತೆ ತುಳಿತವನ್ನೂ ಬಿಸಿಲನ್ನೂ ತಡೆಯುತ್ತದೆ. ಅದಕ್ಕಿಂತ ದಪ್ಪವಿದ್ದರೆ ಮಾತ್ರ ಯಂತ್ರದ ಮಾತು.

ಜೊತೆಗೆ ಕಾರಣವನ್ನೂ ಕೇಳಬೇಕು. ಯೂರಿಯಾ ಹೆಚ್ಚಾಯಿತೇ? ದಿನಾ ನೀರು ಬಿಡುತ್ತಿದ್ದಾರೆಯೇ? ಇವೆರಡನ್ನೂ ನಿಲ್ಲಿಸದೆ ಯಂತ್ರ ತಂದರೆ, ಸೋರುವ ತೊಟ್ಟಿಗೆ ನೀರು ತುಂಬಿದ ಹಾಗೆ.

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ವರ್ಟಿಕಟರ್. ನಿಂತ ಅಲಗುಗಳು ತಿರುಗುತ್ತಾ ಮೆತ್ತೆಯನ್ನು ಸೀಳಿ ಹೊರಗೆಳೆಯುತ್ತವೆ. ಇನ್ನೊಂದು ಏರೇಟರ್. ಟೊಳ್ಳು ಕೊಳವೆಗಳು ನೆಲಕ್ಕೆ ಚುಚ್ಚಿ ಮಣ್ಣಿನ ಬೆರಳುಗಳನ್ನು ಮೇಲೆ ತರುತ್ತವೆ.

ಲೆಕ್ಕ ಹಾಕಿ ನೋಡಿ. 2 ಮಿಲಿಮೀಟರ್ ದಪ್ಪದ ಅಲಗುಗಳು 25 ಮಿಲಿಮೀಟರ್‌ಗೆ ಒಂದರಂತೆ ಇದ್ದರೆ ಒಂದು ಸುತ್ತಿನಲ್ಲಿ ಮೇಲ್ಮೈಯ ಶೇ 8ರಷ್ಟು ಜಾಗ ಸೀಳುತ್ತದೆ. 12 ಮಿಲಿಮೀಟರ್ ಕೊಳವೆ 50 ಮಿಲಿಮೀಟರ್ ಅಂತರದಲ್ಲಿ ಚುಚ್ಚಿದರೆ ಸುಮಾರು ಶೇ 4.5 ಮಾತ್ರ. ಮೆತ್ತೆ ತೆಗೆಯುವುದೇ ಗುರಿಯಾದರೆ ವರ್ಟಿಕಟರ್ ಮುಂದೆ. ಆದರೆ ಕೆಳಗಿನ ಮಣ್ಣು ಗಟ್ಟಿಯಾಗಿದ್ದರೆ ಏರೇಟರ್ ಬೇಕು. ಅದು ತಂದ ಮಣ್ಣನ್ನು ಪುಡಿ ಮಾಡಿ ಹರಡಿದರೆ ಮೆತ್ತೆಯೊಳಗೆ ಮಣ್ಣು ಸೇರಿ ಕೊಳೆಯುವ ಕೆಲಸವೂ ಚುರುಕಾಗುತ್ತದೆ. ಮೆತ್ತೆ ತುಂಬಾ ದಪ್ಪವಿದ್ದಾಗ ಒಂದೇ ಸಲ ಆಳಕ್ಕೆ ಹೋಗಬಾರದು. ಬೇರುಗಳೂ ಅದರಲ್ಲೇ ಇರುವುದರಿಂದ ಹುಲ್ಲೇ ಎದ್ದು ಬರುತ್ತದೆ.

ಮುಂದಿನದು ಸಮಯದ ಲೆಕ್ಕ. 18 ಕುಳಿಯ ಮೈದಾನದಲ್ಲಿ ಫೇರ್‌ವೇ ಸಾಮಾನ್ಯವಾಗಿ 25ರಿಂದ 35 ಎಕರೆ. ಅರ್ಧ ಮೀಟರ್ ಅಗಲದ, ಕೈಯಲ್ಲಿ ನಡೆಸುವ ಯಂತ್ರ ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಹೋದರೆ 30 ಎಕರೆಗೆ 80 ಗಂಟೆ ದಾಟುತ್ತದೆ. ಟ್ರ್ಯಾಕ್ಟರ್ ಹಿಂದೆ ಕಟ್ಟುವ 1.8 ಮೀಟರ್‌ನದು ಗಂಟೆಗೆ 4 ಕಿಲೋಮೀಟರ್‌ನಲ್ಲಿ ಸುಮಾರು 17 ಗಂಟೆಯಲ್ಲಿ ಮುಗಿಸುತ್ತದೆ. ಇದರಲ್ಲಿ ತಿರುವು, ವಿರಾಮ ಸೇರಿಲ್ಲ. ಹಾಗಾಗಿ ಇಡೀ ಫೇರ್‌ವೇಗೆ ಟ್ರ್ಯಾಕ್ಟರ್ ಯಂತ್ರ, ಒಂದೆರಡು ಕೆಟ್ಟ ಜಾಗಕ್ಕೆ ಕೈಯಂತ್ರ ಸಾಕು.

ಆದರೆ ಹೊಲದ ಟ್ರ್ಯಾಕ್ಟರನ್ನು ಹಾಗೇ ಒಳಗೆ ಬಿಡಬೇಡಿ. ಅದರ ಹಲ್ಲಿನ ಟಯರು ಹುಲ್ಲನ್ನು ಹರಿಯುತ್ತದೆ. ಅಗಲವಾದ, ಕಡಿಮೆ ಗಾಳಿಯ ಟರ್ಫ್ ಟಯರು ಬೇಕು. ನೆಲದೊಳಗೆ ಹುದುಗಿದ ಸ್ಪ್ರಿಂಕ್ಲರ್ ತಲೆಗಳಿಗೆ ಮೊದಲೇ ಬಾವುಟ ನೆಡಬೇಕು. ಗರಿಕೆ ಚೆನ್ನಾಗಿ ಚಿಗುರುವ ಬೆಚ್ಚನೆಯ ದಿನಗಳಲ್ಲೇ ಈ ಕೆಲಸ ಮಾಡಬೇಕು. ಡಿಸೆಂಬರ್ ಚಳಿಯಲ್ಲಿ ಸೀಳಿದರೆ ಗಾಯ ಬೇಗ ಮಾಯುವುದಿಲ್ಲ.

ಬೆಲೆ ಪಟ್ಟಿಯಲ್ಲಿ ಕಾಣದ ಖರ್ಚು ಒಂದಿದೆ: ಕಸ. ಮೇಲಿನ ಅಲಗಿನ ಲೆಕ್ಕದಲ್ಲೇ, 12 ಮಿಲಿಮೀಟರ್ ಆಳ ಸೀಳಿದರೆ ಎಕರೆಗೆ ಸುಮಾರು 4 ಘನ ಮೀಟರ್ ಬರುತ್ತದೆ, ಸಡಿಲಾದ ಮೇಲೆ ಇನ್ನೂ ಉಬ್ಬುತ್ತದೆ. ಗುಡಿಸುವ ಯಂತ್ರ ಇಲ್ಲದಿದ್ದರೆ ಅದನ್ನು ಬಾಚುವುದು ಕೂಲಿಯವರ ಬೆನ್ನಿನ ಮೇಲೆ ಬೀಳುತ್ತದೆ. ಆದ್ದರಿಂದ ಸೀಳುವ ಯಂತ್ರದ ಜೊತೆಗೇ ಬಾಚುವ ಯಂತ್ರದ ಬೆಲೆಯನ್ನೂ ಸೇರಿಸಿ ಕೇಳಿ.

ಆ ಕಸ ಎಲ್ಲಿಗೆ ಹೋಗುತ್ತದೆ ಎಂಬುದೂ ನಮ್ಮ ಪ್ರಶ್ನೆ. ಪುಕ್ಕಟೆ ಸಿಕ್ಕಿತು ಅಂತ ದನಕ್ಕೆ ಹಾಕಬೇಡಿ. ಮೈದಾನಕ್ಕೆ ಕಳೆನಾಶಕ, ಕೀಟನಾಶಕ ಹೊಡೆದಿರಬಹುದು. ಹೊಲಕ್ಕೂ ಹರಡಬೇಡಿ. ಗರಿಕೆಯ ಒಂದು ಗೆಣ್ಣು ಉಳಿದರೂ ಸಾಕು, ಮಳೆ ಬಿದ್ದರೆ ಚಿಗುರುತ್ತದೆ. ಆಮೇಲೆ ಅದನ್ನು ಕೀಳುವವರು ಯಾರು ಅಂತ ರಾಗಿ ಹೊಲದವರಿಗೆ ಚೆನ್ನಾಗಿ ಗೊತ್ತು.

ಇನ್ನು ಸುರಕ್ಷತೆ. ಟ್ರ್ಯಾಕ್ಟರ್ ಹಿಂದಿನ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಟವೆಲ್ ತುದಿ, ಸೀರೆ ಸೆರಗು ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ. ಶಾಫ್ಟಿಗೆ ಕವಚ ಇಲ್ಲದ ಯಂತ್ರ ಎಷ್ಟೇ ಅಗ್ಗವಾಗಿರಲಿ, ಬೇಡ ಅನ್ನಿ.

ಕೊನೆಗೆ ಸಾಲದ ಮಾತು. ಈ ಕೆಲಸ ವರ್ಷದಲ್ಲಿ ಕೆಲವೇ ದಿನದ್ದು. ಉಳಿದ ದಿನ ಯಂತ್ರ ಶೆಡ್ಡಿನಲ್ಲಿ ನಿಂತರೂ ಕಂತು ನಿಲ್ಲುವುದಿಲ್ಲ. ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಬಾಡಿಗೆಗೆ ಯಂತ್ರ ತರುವುದನ್ನು ನಮ್ಮ ರೈತರು ಕಲಿತಿದ್ದಾರೆ. ಹುಲ್ಲಿನ ಯಂತ್ರಕ್ಕೂ ಅದೇ ಬುದ್ಧಿ ಸರಿ. ಎರಡು ಮೂರು ಮೈದಾನಗಳು ಸೇರಿ ಒಂದು ಯಂತ್ರ ಇಟ್ಟುಕೊಳ್ಳಲಿ. ಗುತ್ತಿಗೆ ಹಿಡಿಯುವ ಯುವಕರು ಕೆಲಸ ಕಾಗದದ ಮೇಲೆ ಖಾತ್ರಿಯಾಗುವ ಮೊದಲು ಸಾಲಕ್ಕೆ ಸಹಿ ಹಾಕಬೇಡಿ.

ಕ್ಲಬ್ಬುಗಳಿಗೂ ಒಂದು ಮಾತು: ಯಂತ್ರ ಆರಿಸುವ ದಿನ ಅದನ್ನು ಓಡಿಸುವವನನ್ನೂ ಕಸ ಬಾಚುವವಳನ್ನೂ ಕರೆಯಿರಿ. ಯಾವ ಜಾಗ ಮೆತ್ತಗಿದೆ, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಲ್ಲಿದೆ ಎಂಬುದು ದಿನಾ ಅಲ್ಲಿ ನಡೆಯುವ ಅವರಿಗೆ ಗೊತ್ತಿರುತ್ತದೆ.